ಸೀಲಿನ ಮೇಲಿನ ವಿಭೂತಿ

ಕಂಪ್ಯೂಟರ್ ಪೆಟ್ಟಿಗೆಯ ಮೇಲಿನ ವಿಭೂತಿ ಉದುರಿಬಿಟ್ಟೀತೆಂದು ಸಂಧ್ಯಾರಾಣಿ ಹದಿನೇಳು ದಿನಗಳಿಂದ ಫ್ಯಾನು ಹಾಕಿರಲಿಲ್ಲ. ರಕ್ತ ಪರೀಕ್ಷೆಗೆ ಬಂದವರು ಸೆರಗಿನಿಂದಲೋ ಡಾಕ್ಟರ ಚೀಟಿಯಿಂದಲೋ ಗಾಳಿ ಬೀಸಿಕೊಳ್ಳುತ್ತ, "ಕರೆಂಟ್ ಐತಲ್ಲ ಮೇಡಂ, ಫ್ಯಾನ್ ಹಾಕ್ರಿ" ಎಂದರೆ "ಕೆಟ್ಟೈತೆ" ಎಂದು ಕೀಬೋರ್ಡಿನ ಮೇಲೆ ತಲೆ ತಗ್ಗಿಸುತ್ತಿದ್ದಳು. ಹೀಗೆ ಹೇಳಿ ಹೇಳಿ ಈಗ ಕತ್ತೆತ್ತಿ ನೋಡಿದರೆ ಅವಳ ಕಣ್ಣಿಗೂ ಅದು ಕೆಟ್ಟ ಫ್ಯಾನಿನಂತೆಯೇ ಕಾಣುತ್ತಿತ್ತು, ರೆಕ್ಕೆಯ ಅಂಚಿಗೆಲ್ಲ ಧೂಳು ಕಟ್ಟಿಕೊಂಡು. ನಿಜವಾಗಿ ಕೆಟ್ಟಿದ್ದು ಕಂಪ್ಯೂಟರು. ನಿನ್ನೆ ಮಧ್ಯಾಹ್ನ ಜ್ವರದ ಮಗುವೊಂದರ ರಿಪೋರ್ಟು ಅರ್ಧ ಬಂದಿರುವಾಗ ಪರದೆ ಕಪ್ಪಾಗಿ, ಪೆಟ್ಟಿಗೆ ಮೂರು ಸಲ ಕೀಂಗುಟ್ಟಿತು. ಆಯುಧಪೂಜೆಯ ಹಿಂದಿನ ದಿನ ಕೀಂಗುಟ್ಟಿದ್ದೂ ಅಷ್ಟೇ ಸಲ. ಇವತ್ತು ಗುರುವಾರ. ಹನ್ನೊಂದಕ್ಕೆ ಕಂಪನಿಯ ಇಂಜಿನಿಯರ್ ಮಂಜುನಾಥ ಬರುತ್ತಾನೆ. ಬಂದವನು ಮೊದಲು ಪೆಟ್ಟಿಗೆಯ ಸೀಲು ನೋಡುತ್ತಾನೆ. ಸೀಲು ವಿಭೂತಿಯ ಕೆಳಗಿದೆ, ಹರಿದು.

ನ್ಯಾಮತಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ವಿನಯ್ ಕುಮಾರ್‌ನ ಲ್ಯಾಬು. ಮುಂದೆ ಜನ ಕೂರುವ ಬೆಂಚು, ಒಳಗೆ ರಕ್ತದ ಕಣ ಎಣಿಸುವ ಮಿಷನ್ನು, ಅದರ ಪಕ್ಕಕ್ಕೆ ಅದರದೇ ಕಂಪ್ಯೂಟರು. ಎರಡೂ ಒಂದೇ ಕಂಪನಿಯವು. ಶಿವಮೊಗ್ಗದಿಂದ ಎಂಥ ಹೊಸ ಕಂಪ್ಯೂಟರು ತಂದು ಜೋಡಿಸಿದರೂ ಮಿಷನ್ನು ಅದರೊಂದಿಗೆ ಮಾತಾಡುವುದಿಲ್ಲ. ಅದಕ್ಕೆ ಹಾಕುವ ದ್ರಾವಣದ ಬಾಟಲಿಯೂ ಅವರದೇ ಆಗಬೇಕು. ಬಾಟಲಿಯ ಜೊತೆ ಬರುವ ಕಾರ್ಡು ತೋರಿಸದಿದ್ದರೆ ತುಂಬಿದ ಬಾಟಲಿಯನ್ನೂ ಖಾಲಿ ಎನ್ನುತ್ತದೆ. ಜಗಳೂರಿನ ಲ್ಯಾಬೊಂದರವರು ಬೇರೆ ಬಾಟಲಿ ಹಾಕಲು ಹೋಗಿ ಇಪ್ಪತ್ತೆರಡು ದಿನ ಬಾಗಿಲು ಹಾಕಿದ್ದರಂತೆ. ಇದನ್ನು ಮಂಜುನಾಥ ನಗುನಗುತ್ತ ಹೇಳಿದ್ದ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ಊರಿಗೆ ಅವನೊಬ್ಬನೇ, ಬೈಕಿನ ಮೇಲೆ, ಬೆನ್ನಿಗೆ ಕಪ್ಪು ಚೀಲ. ಪೆಟ್ಟಿಗೆಯ ಪಕ್ಕದ ತಗಡು ಹಿಂಬದಿಗೆ ಸೇರುವ ಅಂಚಿನ ಮೇಲೆ ಬೆರಳಗಲದ ಬೆಳ್ಳಿಬಣ್ಣದ ಸೀಲು ಅಂಟಿಸಿದ್ದೂ ಅವನೇ. ಕಿತ್ತರೆ ಜೇನುಗೂಡಿನಂಥ ಗುರುತು ಬಿಟ್ಟು ಏಳುವ ಸೀಲು. ಮಿಷನ್ನು ಬಂದ ದಿನ ವಿನಯ್ ಕುಮಾರ್ ಕರಾರಿನ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿ, ಸಂಧ್ಯಾರಾಣಿಯ ಮುಖ ನೋಡಿ, "ಹೊರಗಿನೋರ ಕೈ ಬಿದ್ದರೆ ಕಂಪನಿ ಕೈ ಬಿಡ್ತೈತೆ. ಕೈ ಹಾಕ್ಸಿದೋರನ್ನ ನಾನು ಅವತ್ತೇ ಮನೆಗೆ ಕಳಿಸ್ತೀನಿ. ಅರ್ಥ ಆತೇನು, ಬಿ.ಎಸ್ಸಿ?" ಎಂದಿದ್ದ. ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಹೆಸರು ಹಿಡಿದು ಕರೆದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಮನೆಗೆ ಕಳಿಸುವುದೆಂದರೆ ಸಾಸ್ವೆಹಳ್ಳಿಯ ಅಣ್ಣನ ಮನೆಗೆ. ಗಂಡನನ್ನು ಬಿಟ್ಟು ಬಂದು ಆರು ವರ್ಷವಾಗಿತ್ತು. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೊರಡುವವಳೆಂದು ಅತ್ತಿಗೆ ಅರುಣಾ ಮೊದಲ ರೊಟ್ಟಿಯನ್ನು ಅವಳ ತಾಟಿಗೇ ಹಾಕುತ್ತಿದ್ದಳು. "ಕೆಲಸಕ್ಕೆ ಹೋಗೋರು" ಎಂದು ಮಕ್ಕಳನ್ನು ಬಚ್ಚಲ ಬಾಗಿಲಿನಿಂದ ಸರಿಸುತ್ತಿದ್ದಳು. ಸಂಕ್ರಾಂತಿಗೆ ಮೂರು ದಿನ ರಜೆ ಇದ್ದಾಗ ಮಾತ್ರ ರೊಟ್ಟಿ ಕೊನೆಗೆ ಬಂದಿತ್ತು, ಆರಿ, ಅಂಚು ಸೆಟೆದುಕೊಂಡು. ಅತ್ತಿಗೆ ಏನೂ ಅಂದಿರಲಿಲ್ಲ. ಅನ್ನದೆ ಇದ್ದದ್ದನ್ನು ಸಂಧ್ಯಾರಾಣಿ ಇವತ್ತಿಗೂ ಅಗಿಯುತ್ತಿದ್ದಳು.

ಹಬ್ಬದ ಹಿಂದಿನ ದಿನ ಬೆಂಚಿನ ಮೇಲೆ ಒಂಬತ್ತು ಜನ ಕೂತಿದ್ದರು, ಆರು ಜನ ಜ್ವರದವರು. ಮಂಜುನಾಥನಿಗೆ ಫೋನು ಮಾಡಿದರೆ, "ಚನ್ನಗಿರಿಯಲ್ಲಿದ್ದೀನಿ ಮೇಡಂ, ಹಬ್ಬ ಕಳೀಲಿ" ಎಂದ. ಉಬ್ರಾಣಿಯ ನೆಂಟರ ಮನೆಗೆ ಹೋಗಿದ್ದ ವಿನಯ್ ಕುಮಾರ್, "ಲ್ಯಾಬ್ ಬಂದ್ ಆಗಂಗಿಲ್ಲ. ಏನ್ ಮಾಡ್ತೀಯೋ ಮಾಡು" ಎಂದು ಫೋನಿಟ್ಟ. ಏನ್ ಮಾಡ್ತೀಯೋ ಮಾಡು. ಆ ಮೂರು ಮಾತನ್ನು ಅವಳು ಆಮೇಲೆ ಎಷ್ಟು ಸಲ ತಿರುವಿಹಾಕಿದಳೋ. ಅದರೊಳಗೆ ಅಪ್ಪಣೆ ಇತ್ತು ಎಂದು ಒಮ್ಮೆ, ಬೈಗುಳವಷ್ಟೇ ಇತ್ತು ಎಂದು ಇನ್ನೊಮ್ಮೆ. ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವ ಕಲ್ಲೇಶ್ ಅವಳು ಕರೆದದ್ದಕ್ಕೆ ಹಿಂಬಾಗಿಲಿನಿಂದ ಬಂದ. "ಮೂರು ಸಲ ಕೂಗಿದ್ರೆ ರ‍್ಯಾಮು ಅಕ್ಕಾ. ಆ ಮೆಮೊರಿ ಪಟ್ಟಿ ಹಲ್ಲಿಗೆ ಕಿಲುಬು ಹತ್ತಿರ್ತೈತೆ. ಒಂದು ರಬ್ಬರ್ ಕೊಡ್ರಿ, ಹತ್ತು ನಿಮಿಷ." ಅವಳು ಸೀಲು ತೋರಿಸಿದಳು. "ಇದೇನ್ ಓಟಿನ ಪೆಟ್ಟಿಗೆನಾ, ಸೀಲು ಸೀಲು ಅನ್ನಾಕೆ?" ಎಂದವನೇ ಬ್ಲೇಡು ಹಾಕಿ ಎಬ್ಬಿಸಿದ. ಅವಳು ಬೇಡ ಎಂದಳೇ, ಹೂಂ ಎಂದಳೇ? ಬಾಯಿ ತೆರೆದದ್ದು ನೆನಪಿದೆ, ಮಾತು ನೆನಪಿಲ್ಲ. ಪೆಟ್ಟಿಗೆಯೊಳಗಿನ ಒಂದು ಪಟ್ಟಿ ಎಳೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ, ಮತ್ತೆ ಒತ್ತಿದ. ಪರದೆ ಬೆಳಗಿತು. ಸೀಲನ್ನು ಹೆಬ್ಬೆರಳಿನಿಂದ ಅದುಮಿ, "ದೂರದಿಂದ ಗೊತ್ತಾಗಲ್ಲ ಬಿಡ್ರಿ" ಎಂದು ಹೋದ. ದೂರದಿಂದ ಗೊತ್ತಾಗುತ್ತಿರಲಿಲ್ಲ, ನಿಜ. ಅವಳು ಕೂರುತ್ತಿದ್ದುದು ಹತ್ತಿರದಲ್ಲಿ. ಹರಿದ ಅಂಚು ಬೆಳಕಿಗೆ ಮಿಣುಕುತ್ತಿತ್ತು. ಸಂಜೆ ವಿನಯ್ ಕುಮಾರ್ ಕೇಳಿದಾಗ "ತಾನೇ ಚಾಲೂ ಆತು ಸರ್" ಎಂದಳು.

ಕಲ್ಲೇಶ್‌ಗೆ ಕೊಟ್ಟ ರಬ್ಬರು ಅವಳದಲ್ಲ, ಅಂಜಿನಮ್ಮನದು. ಅಂಜಿನಮ್ಮ ಲ್ಯಾಬಿನ ಕಸ ಗುಡಿಸಿ, ರಕ್ತದ ಕೊಳವೆಗಳ ಬಕೆಟ್ಟು ಸಾಗಿಸುವವಳು. ಐವತ್ತು ದಾಟಿದವಳು, ಗಂಡ ತೀರಿ ಒಂಬತ್ತು ವರ್ಷ. ಹೆಬ್ಬೆಟ್ಟು ಒತ್ತಿ ಒತ್ತಿ ನಾಚಿಕೆ ಆಗೈತೆ, ಸಂಘದ ಹೆಂಗಸರೆಲ್ಲ ಸೈನು ಹಾಕ್ತಾರೆ, ನನಗೂ ಹೇಳಿಕೊಡ್ರಿ ಎಂದು ಗಂಟುಬಿದ್ದಿದ್ದಳು. ಊಟದ ಹೊತ್ತಿನಲ್ಲಿ ಸಂಧ್ಯಾರಾಣಿ ಹೇಳಿಕೊಟ್ಟಳು. ಒಂದು ನೋಟ್‌ಬುಕ್ಕು, ಪೆನ್ಸಿಲು, ನೀಲಿ ರಬ್ಬರು ಕೊಂಡು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಒಳಕೋಣೆಯ ಮೊಳೆಗೆ ನೇತುಹಾಕಿದ್ದಳು ಅಂಜಿನಮ್ಮ. ಮೂರು ಅಕ್ಷರ ನೆಟ್ಟಗೆ ಬಂದು, ಕೊನೆಯ 'ಮ್ಮ' ಬರುವಷ್ಟರಲ್ಲಿ ಸಾಲು ಮೇಲಕ್ಕೆ ಹತ್ತಿಬಿಡುತ್ತಿತ್ತು. "ನಿನ್ನ ಹೆಸರು ಗುಡ್ಡ ಹತ್ತಾಕೆ ಹೊಂಟೈತೆ" ಎಂದು ಸಂಧ್ಯಾರಾಣಿ ನಕ್ಕರೆ, "ಹತ್ತಲಿ ಬಿಡ್ರಿ ಸಂಧ್ಯಕ್ಕ, ನಾನಂತೂ ಹತ್ತಲಿಲ್ಲ" ಎಂದು ತಾನೂ ನಗುತ್ತಿದ್ದಳು. ಹಬ್ಬದ ಮಾರನೆಯ ದಿನ ರಬ್ಬರಿನ ಒಂದು ಮೂಲೆ ಕಪ್ಪಾಗಿದ್ದನ್ನು ಹಿಡಿದುಕೊಂಡು ಬಂದು, "ಇದ್ಯಾಕ್ರೀ ಹಿಂಗಾತು?" ಎಂದು ಕೇಳಿದ್ದಳು. "ರಬ್ಬರ್ ಅಂದ್ಮೇಲೆ ಕಪ್ಪಾಗ್ತೈತೆ" ಎಂದಿದ್ದಳು ಸಂಧ್ಯಾರಾಣಿ. ಅಂಜಿನಮ್ಮ ತಲೆಯಾಡಿಸಿದ್ದಳು, ರಬ್ಬರಿನ ವಿಷಯದಲ್ಲಿ ಓದಿದವರಿಗೆ ಹೆಚ್ಚು ಗೊತ್ತಿರುತ್ತದೆ ಎಂಬಂತೆ.

ಹಬ್ಬದ ದಿನ ಯಾರ ಕೆಲಸದ ಸಾಮಾನಿಗೆ ಅವರವರೇ ಪೂಜೆ ಮಾಡುವುದು ಆ ಲ್ಯಾಬಿನ ಪದ್ಧತಿ. ವಿನಯ್ ಕುಮಾರ್‌ನ ತಾಯಿ ಕಸ್ತೂರಮ್ಮ ಬೆಳಿಗ್ಗೆಯೇ ತಟ್ಟೆ ಕಳಿಸಿ, ತಾವು ಮನೆಯಲ್ಲಿ ಕಾರಿನ ಪೂಜೆಗೆ ನಿಂತಿದ್ದರು. ಬಿಟ್ಟು ಬಂದವಳಾದರೂ ಕುತ್ತಿಗೆಯಲ್ಲಿ ತಾಳಿ ಇದ್ದದ್ದರಿಂದ ಕುಂಕುಮದ ಬಟ್ಟಲು ಸಂಧ್ಯಾರಾಣಿಯ ಕೈಗೇ ಬರುತ್ತಿತ್ತು. ಅಂಜಿನಮ್ಮ ತನ್ನ ಪೊರಕೆಗೂ ಬಕೆಟ್ಟಿಗೂ ಒಂದೊಂದು ಸೇವಂತಿಗೆ ಇಟ್ಟು, ಕುಂಕುಮ ಮುಟ್ಟದೆ, ಗೋಡೆಗೆ ಒತ್ತಿ ನಿಂತಿದ್ದಳು. ಲ್ಯಾಬಿನಲ್ಲಿ ಅವರಿಬ್ಬರೇ. ಸಂಧ್ಯಾರಾಣಿ ತಟ್ಟೆ ಹಿಡಿದು ಸೀಲು ನೋಡುತ್ತಿದ್ದಳು. ಮೂರು ಬೆರಳಿನ ವಿಭೂತಿ ಪಟ್ಟೆ ದಪ್ಪಗೆ ಎಳೆದರೆ ಅಂಚು ದಾಟಿ ಸೀಲು ಮುಚ್ಚುತ್ತದೆ. ಇಟ್ಟ ವಿಭೂತಿಯನ್ನು ಈ ಮನೆತನದಲ್ಲಿ ಯಾರೂ ಒರೆಸುವುದಿಲ್ಲ, ತಾನಾಗಿ ಹೋಗುವವರೆಗೆ ಬಿಡುತ್ತಾರೆ. ಇದು ಹೊಳೆದದ್ದು ಮೊದಲೋ, ಅಂಜಿನಮ್ಮನ ಕಡೆ ತಿರುಗಿದ್ದು ಮೊದಲೋ? "ನಾನಿವತ್ತು ಹೊರಗಾಗೀನಿ. ಮುಟ್ಟಂಗಿಲ್ಲ. ನೀನೇ ಮಾಡು" ಎಂದಳು. ಹೊರಗಾಗಿರಲಿಲ್ಲ. "ನಾನಾ?" ಎಂದಳು ಅಂಜಿನಮ್ಮ. "ಕುಂಕುಮನಾ?"

ನಲ್ಲಿಯಲ್ಲಿ ಮೂರು ಸಲ ಕೈ ತೊಳೆದು ಬಂದಳು ಅವಳು. "ಪೆಟ್ಟಿಗೆಗೆ ನೀರು ಸೋಕಬಾರದು, ಒಣ ಬಟ್ಟೇಲಿ ಒರೆಸು" ಎಂದು ಸಂಧ್ಯಾರಾಣಿ ಹೇಳಿದಳು. ಅಂಜಿನಮ್ಮ ಒಣಗಿದ ಪಂಚೆಯ ತುಂಡಿನಿಂದ, ಮಲಗಿದ ಮಗುವಿನ ಬೆನ್ನು ಒರೆಸಿದಂತೆ ಒರೆಸಿದಳು. ಆಮೇಲೆ ವಿಭೂತಿ ತೇದು ಮೂರು ಬೆರಳು ಇಟ್ಟಳು. "ಇನ್ನೊಂಚೂರು ಈ ಕಡೆ ಎಳಿ. ಅಂಚಿನ ತನಕ. ಇನ್ನೂ ದಪ್ಪ" ಎಂದು ಸಂಧ್ಯಾರಾಣಿ ಹಿಂದೆ ನಿಂತು ಹೇಳುತ್ತಿದ್ದಳು. ಸೀಲು ಮುಚ್ಚಿತು. ಅಂಜಿನಮ್ಮ ಕುಂಕುಮವನ್ನೂ ಇಟ್ಟಳು. ಇಟ್ಟಾದ ಮೇಲೆ ಬೆರಳ ತುದಿಯ ಕೆಂಪನ್ನು ಒರೆಸಿಕೊಳ್ಳದೆ ಹಾಗೇ ನೋಡುತ್ತ ನಿಂತಿದ್ದಳು. ಆ ಸಂಜೆಯಿಂದ ಓಣಿಯಲ್ಲಿ ಸಿಕ್ಕವರಿಗೆಲ್ಲ, "ಸಂಧ್ಯಕ್ಕ ನನ್ನ ಕೈಲಿ ಕುಂಕುಮ ಇಡ್ಸಿದ್ರು" ಎಂದು ಹೇಳಿಕೊಂಡು ತಿರುಗಿದ್ದಳು. ಕೇಳಿದವರು ಸಂಧ್ಯಾರಾಣಿಯನ್ನು ಹೊಗಳುತ್ತಿದ್ದರು. ಹೊಗಳಿಕೆ ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಅದು ಸ್ವಲ್ಪ ನಿಜವೂ ಅನ್ನಿಸುತ್ತಿತ್ತು. ಆ ಹೆಂಗಸಿಗೆ ಸಂತೋಷವಾಗಲಿಲ್ಲವೇ? ಸಂತೋಷ ಸುಳ್ಳೇ?

ಮಂಜುನಾಥ ಹನ್ನೊಂದು ಹತ್ತಕ್ಕೆ ಬಂದ. ಹೆಲ್ಮೆಟ್ಟನ್ನು ರೋಗಿಗಳ ಬೆಂಚಿನ ಮೇಲಿಟ್ಟ. ವಿನಯ್ ಕುಮಾರ್ ಕುರ್ಚಿ ಎಳೆದು ಕೂತ. ಪಕ್ಕದಲ್ಲಿ ಕಸ್ತೂರಮ್ಮ, ಮಿಷನ್ನು ಕೆಟ್ಟ ದಿನ ತಾವು ಇರಬೇಕೆಂದು ಬಂದವರು. ಮಂಜುನಾಥ ಚೀಲದಿಂದ ಸ್ಪಿರಿಟ್ ಬಾಟಲಿ, ಹತ್ತಿ ತೆಗೆದ.

"ಅಯ್ಯೋ, ಇಟ್ಟ ವಿಭೂತಿ ಒರೆಸ್ತಾರೇನಪ್ಪಾ?" ಎಂದರು ಕಸ್ತೂರಮ್ಮ.

ಸಂಧ್ಯಾರಾಣಿಯ ಎದೆಯೊಳಗೆ ಏನೋ ಕೈಮುಗಿದು ನಿಂತಿತು. ಹದಿನೇಳು ದಿನ ಅವಳು ನಂಬಿದ್ದು ಈ ಮಾತನ್ನೇ.

"ಒರೆಸದಿದ್ರೆ ಸೀಲು ಫೋಟೋಕ್ಕೆ ಬರಲ್ಲಮ್ಮಾ. ಫೋಟೋ ಕಳಿಸದಿದ್ರೆ ಕಂಪನಿ ಕೋಡ್ ಕೊಡಲ್ಲ. ಕೋಡ್ ಇಲ್ಲದಿದ್ರೆ ನಾನು ಬಿಚ್ಚಿ ಸರಿ ಮಾಡಿದ್ರೂ ಇದು ಚಾಲೂ ಆಗಲ್ಲ. ನಿಮ್ಮ ದೇವ್ರಿಗಿಂತ ನಮ್ಮ ಕಂಪನಿ ಮಡಿ ಜಾಸ್ತಿ."

ಕಸ್ತೂರಮ್ಮ ಲಟಿಕೆ ಮುರಿದು ಮುಖ ತಿರುಗಿಸಿದರು. ಹತ್ತಿ ಒಂದು ಸಲ ಆಡಿತು, ಎರಡು ಸಲ ಆಡಿತು. ಸ್ಪಿರಿಟ್ಟಿನ ವಾಸನೆಗೆ ಸಂಧ್ಯಾರಾಣಿಗೆ ಕಾಲೇಜಿನ ಪ್ರಯೋಗಶಾಲೆಯ ಕಪ್ಪೆ ನೆನಪಾಯಿತು, ನಾಲ್ಕು ಕಾಲಿಗೂ ಗುಂಡುಸೂಜಿ ಚುಚ್ಚಿಸಿಕೊಂಡು, ಹೊಟ್ಟೆ ತೆರೆದಿದ್ದರೂ ಎದೆ ಬಡಿಯುತ್ತಿದ್ದ ಕಪ್ಪೆ. ಮಂಜುನಾಥ ಬಗ್ಗಿ, ಮೊಬೈಲಿನ ಬೆಳಕು ಹಿಡಿದು, ಶಿಳ್ಳೆಯಂತೆ ಉಸಿರು ಬಿಟ್ಟ.

"ಸೀಲು ಎದ್ದೈತೆ ಸಾರ್."

ಹೊರಗೆ ಬೆಂಚಿನ ಮೇಲೆ ಯಾರೋ ಕೆಮ್ಮಿದರು. ವಿನಯ್ ಕುಮಾರ್ ಪೆಟ್ಟಿಗೆಯನ್ನು ನೋಡಲಿಲ್ಲ, ಅವಳನ್ನು ನೋಡಿದ. "ಯಾರ್ ಮುಟ್ಟಿದ್ದು?"

ಮಾತು ಆರಿಸುವುದು ಅವಳಿಗೆ ಚಿಕ್ಕಂದಿನಿಂದ ಬಂದದ್ದು. ಗಂಡನ ಮನೆಯಲ್ಲಿ ಒಂದೊಂದು ಮಾತಿಗೂ ಏಟಿದ್ದ ಕಾಲದಲ್ಲಿ ಅದು ಇನ್ನೂ ನುಣುಪಾಗಿತ್ತು. ಅಕ್ಕಿಯಲ್ಲಿ ಕಲ್ಲು ಹೆಕ್ಕಿದಂತೆ ಸುಳ್ಳಿನ ಪದಗಳನ್ನೆಲ್ಲ ಹೆಕ್ಕಿ ತೆಗೆದು, ಉಳಿದದ್ದನ್ನು ಹೇಳಿದಳು: "ಹಬ್ಬದ ದಿನ ಪೆಟ್ಟಿಗೆ ಒರೆಸಿ ಪೂಜೆ ಮಾಡಿದ್ದು ಅಂಜಿನಮ್ಮ, ಸರ್."

ಒಂದು ಪದವೂ ಸುಳ್ಳಿರಲಿಲ್ಲ. ಅದು ಅವಳಿಗೆ ಸಮಾಧಾನವೂ ಆಯಿತು, ಮತ್ತು ಆ ಸಮಾಧಾನವನ್ನು ಅವಳು ಗಮನಿಸಿದಳು.

"ಯಾರು? ಅಂಜಿನಿಯಾ?" ಕಸ್ತೂರಮ್ಮ ಎದ್ದೇ ನಿಂತರು. "ಮುಂಡೆ ಕೈಲಿ ಪೂಜೆನಾ? ಕುಂಕುಮಾನೂ ಅವಳೇ ಇಟ್ಲಾ? ಹಂಗಾದ್ರೆ ಮಿಷನ್ನು ಕೆಡದೆ ಇನ್ನೇನಾಗ್ತೈತೆ!"

ಮಂಜುನಾಥನಿಗೆ ಮುಂಡೆಯೂ ಕುಂಕುಮವೂ ಬೇಕಿರಲಿಲ್ಲ. ಅವನು ಟ್ಯಾಬಿನಲ್ಲಿ ಬೆರಳಾಡಿಸುತ್ತಿದ್ದ. "ನಮ್ಮಲ್ಲಿ ಎರಡೇ ಕಾಲಂ ಸಾರ್. ಹೊರಗಿನೋರು ಬಿಚ್ಚಿದ್ದಾರೆ ಅಂದ್ರೆ ಕರಾರು ಖಲಾಸ್, ಮುಂದಿನ ಬಾಟಲಿ ಕಾರ್ಡೂ ಬರಲ್ಲ. ಒರೆಸೋವಾಗ ತಪ್ಪಿ ಕಿತ್ತೈತೆ ಅಂದ್ರೆ, ಒರೆಸಿದೋರು ಬರೆದು ಸೈನ್ ಹಾಕಿದ್ರೆ, ಹೊಸ ಸೀಲು ಹಾಕಿ ರಿಪೇರಿ ಮಾಡಿಕೊಡ್ತೀವಿ. ಯಾವುದು ಒತ್ತಲಿ ಹೇಳ್ರಿ."

ಅಂಜಿನಮ್ಮನನ್ನು ಕರೆದರು. ಒಳಗೆ ಬಕೆಟ್ಟು ತೊಳೆಯುತ್ತಿದ್ದವಳು ಕೈಯಿಂದ ನೀರು ತೊಟ್ಟಿಕ್ಕಿಸಿಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಎಲ್ಲರ ಕಣ್ಣು ಆ ಒದ್ದೆ ಕೈಗಳ ಮೇಲೆ ಹೋಯಿತು.

"ನೋಡ್ರಿ, ನೋಡ್ರಿ ಆ ಕೈ" ಎಂದರು ಕಸ್ತೂರಮ್ಮ. "ಇದೇ ಕೈಲಿ ಒರೆಸ್ಯಾಳೆ. ಏನೇ, ಒದ್ದೆ ಬಟ್ಟೆ ಹಾಕಿ ತಿಕ್ಕಿದ್ಯಾ ಹಬ್ಬದ ದಿನ?"

"ನಾನಾ ಅಮ್ಮಾರೆ? ಇಲ್ರೀ, ಮೆಲ್ಲಕೆ..." ಎಂದವಳು ಸಂಧ್ಯಾರಾಣಿಯ ಕಡೆ ನೋಡಿದಳು. ಇವಳು ಹೇಳುತ್ತಾಳೆ ಎಂಬ ನಿಶ್ಚಿಂತೆಯಿಂದ ನೋಡಿದಳು. ಅಕ್ಷರ ತಪ್ಪಿದಾಗ ನೋಡುತ್ತಿದ್ದುದೂ ಹೀಗೆಯೇ.

ಸಂಧ್ಯಾರಾಣಿ ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಚೆನ್ನಾಗಿತ್ತು. ಅವಳು ಅಂಜಿನಮ್ಮನ ಕಣ್ಣಲ್ಲಿ ಕಣ್ಣಿಟ್ಟು, ಯಾರಿಗೂ ಕಾಣದಷ್ಟು, ಗಲ್ಲವನ್ನು ಕೆಳಕ್ಕೆ ಆಡಿಸಿದಳು. ಹೂಂ ಅನ್ನು. ಏಳೂವರೆಯ ಬಸ್ಸಿನ ಕಂಬಿಯ ತಣ್ಣನೆಯ ಹಿಡಿತ ನೆನಪಾಯಿತು, ಆ ಬಸ್ಸು ತಾನಿಲ್ಲದೆ ಸಾಸ್ವೆಹಳ್ಳಿ ಬಿಟ್ಟು ಬರುವುದೂ ಕಾಣಿಸಿತು.

ಅಂಜಿನಮ್ಮ ಕಸ್ತೂರಮ್ಮನ ಕಡೆ ತಿರುಗಿದಳು. "ಹೂಂ ಅಮ್ಮಾರೆ" ಎಂದಳು. "ಬಟ್ಟೆಗೆ ಸಿಕ್ಕಿರಬೇಕು. ಗೊತ್ತಾಗಲಿಲ್ಲ."

ಬರೆದದ್ದು ಸಂಧ್ಯಾರಾಣಿ. ಅವಳ ಅಕ್ಷರ ದುಂಡಗಿದೆಯೆಂದು ವಿನಯ್ ಕುಮಾರ್ ಕಾಗದವನ್ನು ಅವಳ ಮುಂದೆಯೇ ತಳ್ಳಿದ. 'ಆಯುಧಪೂಜೆಯಂದು ಒದ್ದೆ ಬಟ್ಟೆಯಿಂದ ಸ್ವಚ್ಛಗೊಳಿಸುವಾಗ ನನ್ನ ಕೈತಪ್ಪಿನಿಂದ...' ಎಂದು ಬರೆಯುತ್ತ, ಕೈತಪ್ಪು ಎಂಬುದು ಒಂದೇ ಪದವೋ ಎರಡೋ ಎಂದು ಅವಳ ತಲೆ ಒಂದು ಕ್ಷಣ ಯೋಚಿಸಿತು. ಮಂಜುನಾಥ ಹೆಬ್ಬೆಟ್ಟಿನ ಶಾಯಿ ಡಬ್ಬಿಗಾಗಿ ಚೀಲ ತಡಕಿದ.

"ಬ್ಯಾಡ್ರೀ ಸಾರ್, ನನಗೆ ಸೈನು ಬರ್ತೈತೆ" ಎಂದಳು ಅಂಜಿನಮ್ಮ. ಸೆರಗಿಗೆ ಕೈ ಒರೆಸಿಕೊಂಡು, ಮೇಜಿನ ಮುಂದೆ ಬಗ್ಗಿ, ನಾಲಗೆ ತುದಿ ಹಲ್ಲಿನ ನಡುವೆ ಇಟ್ಟು ಬರೆದಳು. 'ಮ್ಮ' ಬರುವಷ್ಟರಲ್ಲಿ ಸಾಲು ಮೇಲಕ್ಕೆ ಹತ್ತಿತು. ತನ್ನ ನೋಟ್‌ಬುಕ್ಕಿನ ಆಚೆ ಹೆಸರು ಹಾಕಿದ್ದು ಅದೇ ಮೊದಲು.

"ಪರವಾಗಿಲ್ವೇ" ಎಂದ ಮಂಜುನಾಥ.

"ಸಂಧ್ಯಕ್ಕ ಕಲಿಸಿದ್ದು ಸಾರ್."

"ಕಲ್ತಿದ್ದು ಸಾಕು" ಎಂದರು ಕಸ್ತೂರಮ್ಮ. "ನಾಳಿಂದ ಈ ಹೊಸ್ತಿಲು ತುಳೀಬ್ಯಾಡ. ಇವತ್ತೇ ಹೋಗು." ಅಂಜಿನಮ್ಮ ವಿನಯ್ ಕುಮಾರ್‌ನ ಕಡೆ ತಿರುಗಿದಳು. ಅವನು ಮೊಬೈಲು ನೋಡುತ್ತ, "ಅಮ್ಮ ಹೇಳಿದಂಗೆ" ಎಂದ.

ಕೋಡು ಬಂತು. ಮಂಜುನಾಥ ತಿರುಪು ಬಿಚ್ಚಿ ತಗಡು ಸರಿಸಿ ಒಳಗೆ ಇಣುಕಿ, ಚೀಲದ ಜೇಬುಗಳನ್ನೆಲ್ಲ ಮುಟ್ಟಿ ನೋಡಿಕೊಂಡು, "ಥೂ, ಹೊನ್ನಾಳಿಯಲ್ಲೇ ಬಿಟ್ಟು ಬಂದೆ. ಒಂದು ರಬ್ಬರ್ ಇದ್ರೆ ಕೊಡ್ರಿ, ಪೆನ್ಸಿಲ್ ರಬ್ಬರು" ಎಂದ.

ಸಂಧ್ಯಾರಾಣಿ ಅವನ ಚಾಚಿದ ಕೈಯನ್ನೇ ನೋಡಿದಳು. ಇಷ್ಟೇ ಏನು? ಇಷ್ಟಕ್ಕೆ ನಾಲ್ಕು ಊರು ದಾಟಿ, ಫೋಟೋ ಕಳಿಸಿ, ಕೋಡು ತರಿಸಿ, ಒಬ್ಬಳನ್ನು ಹೊಸ್ತಿಲಾಚೆ ಹಾಕಿ? ಅಷ್ಟರಲ್ಲಿ ಕೊನೆಯ ಸಲ ಪೊರಕೆ ಮೂಲೆಗಿಡುತ್ತಿದ್ದ ಅಂಜಿನಮ್ಮ, "ನನ್ನತ್ರ ಐತೆ ಸಾರ್" ಎಂದು ಮೊಳೆಯ ಕವರಿಗೆ ಕೈಹಾಕಿ ನೀಲಿ ರಬ್ಬರು ತಂದುಕೊಟ್ಟಳು. ಮಿಷನ್ನಿಗೆ ತಾನು ಮಾಡಿದ್ದು ತನ್ನಿಂದಲೇ ಸರಿಹೋಗಲಿ ಎಂಬ ಅವಸರವಿತ್ತು ಅವಳ ನಡಿಗೆಯಲ್ಲಿ. ಕೊಟ್ಟು, ಕಸ್ತೂರಮ್ಮನ ಕಾಲಿನ ಕಡೆಗೊಂದು ನಮಸ್ಕಾರ ಮಾಡಿ, ಹಿಂಬಾಗಿಲಿನಿಂದ ಹೋದಳು. ಕಸ್ತೂರಮ್ಮನೂ ಮಗನೂ ಕಾಯುತ್ತಿದ್ದ ಜನರಿಗೆ ಸಮಾಧಾನ ಹೇಳಲು ಮುಂದಿನ ಕೋಣೆಗೆ ಹೋದರು.

ಮಂಜುನಾಥ ಪಟ್ಟಿ ಎಳೆದ. ಎಳೆದವನು ತಿಕ್ಕಲಿಲ್ಲ. ಪಟ್ಟಿ ಕೂರುವ ಸೀಳಿಗೆ ಬೆಳಕು ಹಿಡಿದು, ಬೆರಳುಗುರಿನಿಂದ ಏನನ್ನೋ ಎಬ್ಬಿಸಿ ಅಂಗೈ ಮೇಲಿಟ್ಟುಕೊಂಡ. ನೀಲಿ ಪುಡಿ, ಇರುವೆಯಷ್ಟು. ರಬ್ಬರಿನ ಕಪ್ಪು ಮೂಲೆಯನ್ನು ನೋಡಿದ. ಆಮೇಲೆ ಅವಳನ್ನು.

"ಉಜ್ಜಿದ್ಮೇಲೆ ಊದಬೇಕು" ಎಂದ, ಮೆಲ್ಲಗೆ, ಪಾಠ ಹೇಳುವವನ ಹಾಗೆ. "ಪುಡಿ ಒಳಗೇ ಉಳಿದರೆ ಹದಿನೈದು ದಿನಕ್ಕೆ ಮತ್ತೆ ಕೆಡ್ತೈತೆ. ಈ ಊರಲ್ಲಿ ಪೆಟ್ಟಿಗೆ ಬಿಚ್ಚೋನು ಇನ್ಯಾರು, ನಿಮ್ಮ ಕಲ್ಲೇಶನಿಗೆ ಹೇಳು."

ಹೇಳು. ಇಷ್ಟು ದಿನ ಮೇಡಂ ಎಂದು ಹೇಳ್ರಿ, ಕೂಡ್ರಿ ಎನ್ನುತ್ತಿದ್ದವನು.

"ನಾನು..." ಎಂದಳು ಅವಳು.

"ನನಗ್ಯಾಕೆ? ಕಾಲಂ 'ಒರೆಸೋವಾಗ' ಅಂತ ಒತ್ತಿ ಆತಲ್ಲ, ವಾಪಸ್ ತೆಗೆಯಾಕೆ ಬರಲ್ಲ ಅದು." ಅವನು ಸೀಳಿಗೆ ಬಾಯಿಟ್ಟು ಊದಿದ, ಹಲ್ಲುಗಳನ್ನು ತಿಕ್ಕಿದ, ಮತ್ತೆ ಊದಿದ, ಪಟ್ಟಿ ಒತ್ತಿದ. "ಜಗಳೂರಲ್ಲಿ ಒಬ್ಬಳು ಅತ್ತಳು. ನೀನು ಅಳಲಿಲ್ಲ. ಗಟ್ಟಿ ಇದ್ದೀಯ. ಒಂದು ಚಾ ಹೇಳು ನೋಡೋಣ."

ಅವಳು ಚಾ ಹೇಳಿದಳು. ಪರದೆ ಬೆಳಗಿತು. ಹೊಸ ಸೀಲು ಹಳೆಯದಕ್ಕಿಂತ ಅಗಲವಿತ್ತು. ವಿನಯ್ ಕುಮಾರ್ ಒಳಗೆ ಬಂದು, ಖುಷಿಯಲ್ಲಿ ಗೋಡೆಯ ಸ್ವಿಚ್ಚುಗಳನ್ನೆಲ್ಲ ಒಟ್ಟಿಗೆ ಒತ್ತಿದ. ಫ್ಯಾನು ಒಂದು ಸಲ ನರಳಿ, ಧೂಳಿನ ಎಳೆಗಳನ್ನು ಮೇಜಿನ ಮೇಲೆ ಉದುರಿಸಿ, ಸರಾಗವಾಗಿ ತಿರುಗತೊಡಗಿತು. ಅವನು ಕತ್ತೆತ್ತಿ ಅದನ್ನು ನೋಡಿದ, ತುಸು ಹೆಚ್ಚೇ ಹೊತ್ತು ನೋಡಿದ. "ಇದೂ ತಾನೇ ಚಾಲೂ ಆತೇನು, ಬಿ.ಎಸ್ಸಿ?" ಎಂದು ನಕ್ಕು ಹೊರಗೆ ಹೋದ. ಅವನಿಗೆ ಗೊತ್ತು. ಗೊತ್ತಿದ್ದೂ ಅಂಜಿನಮ್ಮನನ್ನೇ ಕಳಿಸಿದ. ಕಸ ಗುಡಿಸುವವರು ನಾಳೆಯೇ ಸಿಗುತ್ತಾರೆ. ಇನ್ನು ಅವಳನ್ನು ಅವನು ಬಿಡುವುದಿಲ್ಲ, ಬಿ.ಎಸ್ಸಿ ಎನ್ನುವುದನ್ನೂ ಬಿಡುವುದಿಲ್ಲ. ಕೆಲಸ ಗಟ್ಟಿಯಾಯಿತು. ಹನ್ನೆರಡರಿಂದ ಒಂದೂವರೆಯವರೆಗೆ ಹದಿನಾಲ್ಕು ರಿಪೋರ್ಟು ತೆಗೆದಳು. ಒಂದೂ ತಪ್ಪಲಿಲ್ಲ.

ಊಟದ ಹೊತ್ತಿಗೆ ಹಿಂಬಾಗಿಲು ಕಿರುಗುಟ್ಟಿತು. ಅಂಜಿನಮ್ಮ ಹೊಸ್ತಿಲಾಚೆಯೇ ನಿಂತಿದ್ದಳು.

"ಕವರ್ ಬಿಟ್ಟೋಗಿದ್ದೆ ಅಕ್ಕಾ. ಒಳಗೆ ಬರಂಗಿಲ್ಲ, ನೀವೇ ಕೊಡ್ರಿ."

ಸಂಧ್ಯಾರಾಣಿ ಮೊಳೆಯಿಂದ ಕವರು ತೆಗೆದು, ಮೇಜಿನ ಮೇಲಿದ್ದ ರಬ್ಬರನ್ನು ಅದರೊಳಗೆ ಹಾಕಿ ಕೊಟ್ಟಳು.

"ಚಾಲೂ ಆತಂತಲ್ಲ?"

"ಆತು."

"ಒಳ್ಳೇದಾತು ಬಿಡ್ರಿ." ಅಂಜಿನಮ್ಮ ರಬ್ಬರನ್ನು ಹೊರತೆಗೆದು ಕಪ್ಪು ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದಳು, ಹೋಗುತ್ತದೇನೋ ಎಂದು. ಹೋಗಲಿಲ್ಲ. "ಅವತ್ತು ಬಟ್ಟೆ ಒಣಗಿತ್ತು ಅಕ್ಕಾ" ಎಂದಳು. ದೂರಿನ ದನಿಯಲ್ಲ, ಬಕೆಟ್ಟು ಎಲ್ಲಿಟ್ಟಿದ್ದೇನೆಂದು ಹೇಳುವ ದನಿ. "ನೀವೇ ಹೇಳಿದ್ರಿ, ನೀರು ಸೋಕಬಾರದು ಅಂತ. ಅಲ್ಲಿ ನೀವು ಹಿಂಗೆ ಗಲ್ಲ ಆಡಿಸಿದ್ರಿ. ಏನೋ ಇರಬೇಕು ಅಂತ ಹೂಂ ಅಂದೆ."

ಫ್ಯಾನು ತಿರುಗುತ್ತಿತ್ತು. ಮುಂದಿನ ಕೋಣೆ ಖಾಲಿ. ಕಾಗದ ಹೋಗಿಯಾಗಿತ್ತು, ಕಾಲಂ ತುಂಬಿಯಾಗಿತ್ತು, ತಿಳಿಯಬೇಕಾದವರಿಗೆಲ್ಲ ತಿಳಿದೂ ಆಗಿತ್ತು. ಈಗ ಹೇಳಿದರೆ ಅವಳದೇನೂ ಕೆಡುತ್ತಿರಲಿಲ್ಲ. ಹಬ್ಬದಿಂದೀಚೆಗೆ ಮೊದಲ ಸಲ ಅವಳು ಯಾರಿಗೂ ಹೆದರಬೇಕಾಗಿರಲಿಲ್ಲ. ಎದುರಿಗೆ ನಿಂತ ಆ ಮುಖ, ಎಲ್ಲ ಮುಗಿದ ಮೇಲೂ ತನ್ನಿಂದ ಒಂದು ಮಾತು ಬರುತ್ತದೆಂದು ಕಾಯುತ್ತಿದ್ದ ಮುಖ ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

"ಇಲ್ಲ ಅಂಜಿನಮ್ಮ" ಎಂದಳು ಅವಳು, ಅಕ್ಷರ ತಿದ್ದುವ ಮೃದು ದನಿಯಲ್ಲೇ. "ಬಟ್ಟೆ ಒದ್ದೆ ಇತ್ತು. ನಾನು ನಿಂತು ನೋಡೀನಿ. ನಿನಗೆ ನೆನಪಿಲ್ಲ."

ಅಂಜಿನಮ್ಮ ಅವಳನ್ನೇ ನೋಡಿದಳು. ಆಮೇಲೆ ಕಣ್ಣು ಕೆಳಗಿಳಿಸಿ, ತನ್ನ ಅಂಗೈ ತಿರುಗಿಸಿ, ಮುಂಗೈ ತಿರುಗಿಸಿ ನೋಡಿಕೊಂಡಳು.

"ಮೂರು ಸಲ ಕೈ ತೊಳ್ಕಂಡಿದ್ನಲ್ಲ, ಕುಂಕುಮ ಮುಟ್ಟಾಕೆ ಅಂತ" ಎಂದಳು ನಿಧಾನಕ್ಕೆ. "ಅದೇ ಬಟ್ಟೆಗೆ ಹತ್ತಿರಬೇಕು."

"ಹೂಂ" ಎಂದಳು ಸಂಧ್ಯಾರಾಣಿ. "ಅದೇ."

ಅಂಜಿನಮ್ಮ ಕವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಣಿಗೆ ಇಳಿದಳು. ಬಿಸಿಲು ನೆತ್ತಿಯ ಮೇಲಿತ್ತು. ತಿರುವಿನವರೆಗೂ ಅವಳು ಎರಡೂ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತ ಹೋದಳು.